ಗಿದ್ಯೋನ, ಸೊಲೊಮೋನ ಮತ್ತು ನಮ್ಮ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಸ್ವಂತ ಬುದ್ಧಿ ಎನ್ನುವುದು ಇರಲೇ ಇಲ್ಲ. ತೀರಿಹೋದ ಹಿರಿಯರ ಬಗ್ಗೆ ಇದೆಂಥ ಮಾತು ಎಂದು ಹುಬ್ಬು ಗಂಟಿಕ್ಕಬೇಡಿ. ಹೀಗೆ ಹೇಳಿದ್ದು ನಾನಲ್ಲ, ಅವರೊಂದಿಗೆ ನಲವತ್ತು ವರ್ಷ ಸಂಸಾರ ಮಾಡಿದ ದೊಡ್ಡಮ್ಮ! ಹಾಗಾದರೆ ಅವರು ದಡ್ಡರೇ? ಛೆ, ಛೆ. ತಲೆ ತುಂಬ ಬುದ್ಧಿಯೇ ಇತ್ತು. ಆದರೆ ಅದೆಲ್ಲ ಮೋಶೆಯದು, ಸೊಲೊಮೋನನದು, ಗಿದ್ಯೋನನದು. ಒಂದು ಕೆಲಸವನ್ನು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯಾರಾದರೂ ಮೊದಲೇ ಮಾಡಿಟ್ಟಿದ್ದರೆ ಮಾತ್ರ ದೊಡ್ಡಪ್ಪ ಅದನ್ನು ಮಾಡುತ್ತಿದ್ದರು.

ಒಮ್ಮೆ ಬಾವಿಯ ಹಗ್ಗ ಸವೆದು ನೂಲಾಗಿತ್ತು. ಹೊಸದು ತನ್ನಿ ಎಂದು ದೊಡ್ಡಮ್ಮ ವಾರವಿಡೀ ಹೇಳಿದರು. ದೊಡ್ಡಪ್ಪ ಸತ್ಯವೇದ ತೆರೆದು ಹುಡುಕಿದರು. ಯೆರೆಮೀಯ ಪ್ರವಾದಿಯನ್ನು ಕೆಸರಿನ ಹೊಂಡದಿಂದ ಮೇಲೆತ್ತಿದ್ದು ಹಗ್ಗದಿಂದ, ಜೊತೆಗೆ ಹಳೇ ಚಿಂದಿಬಟ್ಟೆಯನ್ನೂ ಇಳಿಸಿದ್ದರು ಎಂದು ಸಿಕ್ಕಿತು. ಸರಿ, ಹರಿದ ಪಂಚೆಯನ್ನು ಸೀಳಿ ಹಗ್ಗಕ್ಕೆ ಸುತ್ತಿದರು. "ಪ್ರವಾದಿಯ ಭಾರ ತಡೆದದ್ದು ಒಂದು ಕೊಡ ನೀರಿನ ಭಾರ ತಡೆಯುದಿಲ್ವಾ?" ಎಂದರು. ತಡೆಯಲಿಲ್ಲ! ದೊಡ್ಡಮ್ಮನ ತವರಿನ ತಾಮ್ರದ ಕೊಡ ಇವತ್ತಿಗೂ ಆ ಬಾವಿಯ ತಳದಲ್ಲೇ ಇದೆ.

ಪುತ್ತೂರಿನ ನಮ್ಮ ಕ್ರೈಸ್ತ ಸಭೆ ದೊಡ್ಡದೇನಲ್ಲ. ನಲವತ್ತಮೂರು ಮನೆ, ದರ್ಬೆಯಿಂದಾಚೆ ಗುಡ್ಡದ ಮೇಲೆ ಹಂಚಿನ ಮಾಡಿನ ಒಂದು ಪ್ರಾರ್ಥನಾಲಯ, ಪಕ್ಕದಲ್ಲಿ ಸಭೆಯದೇ ಶಾಲೆ, ಹಿಂದೆ ನಮ್ಮವರ ಸ್ಮಶಾನ. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಿದ್ದರು. ಹೋಗದೆ ಉಳಿಯುತ್ತಿದ್ದವರು ಸಭೆಯ ಹಿರಿಯರಾಗಿದ್ದ ದೊಡ್ಡಪ್ಪ ಮಾತ್ರ. ಶಾಲೆಗೆ ಮಾಸ್ತರು ಯಾರು, ಗಂಟೆ ಹೊಡೆಯುವವರು ಯಾರು, ಸತ್ತವರಿಗೆ ಗುಂಡಿ ಎಲ್ಲಿ ತೋಡಬೇಕು, ಎಲ್ಲವನ್ನೂ ಅವರೇ ಹೇಳಬೇಕಿತ್ತು. ಹೇಳುವುದೇ ಅವರಿಗೆ ಕಷ್ಟವಾಗಿದ್ದದ್ದು!

ಒಂದು ವರ್ಷ ಪ್ರಾರ್ಥನಾಲಯದ ಮಾಡು ಬಿಚ್ಚಿ ಹೊಸ ಹಂಚು ಹೊದಿಸುವುದೆಂದಾಯಿತು. ಸಭೆಯ ಇಪ್ಪತ್ತೊಂದು ಗಂಡಸರು ಬೆಳಿಗ್ಗೆಯೇ ಬಂದು ನಿಂತರು. ಅವರನ್ನು ಏಣಿ ಹತ್ತಿಸುವುದು ಬಿಟ್ಟು ದೊಡ್ಡಪ್ಪ ಗುಡ್ಡದ ಕೆಳಗಿನ ತೋಡಿಗೆ ಕರೆದುಕೊಂಡು ಹೋದರು. "ನೀರು ಕುಡಿಯಿರಿ," ಎಂದರು. ಯಾಕೆಂದು ಹೇಳಲಿಲ್ಲ. ಗಿದ್ಯೋನನು ಯುದ್ಧಕ್ಕೆ ಜನರನ್ನು ಆರಿಸಿದ್ದು ಹೀಗೆಯೇ ತಾನೆ? ಮೊಣಕಾಲೂರಿ ಕುಡಿದವರು ಮನೆಗೆ, ಕೈಯಲ್ಲಿ ಮೊಗೆದು ಕುಡಿದವರು ಕೆಲಸಕ್ಕೆ. ಹತ್ತೊಂಬತ್ತು ಜನ ಸಾವಕಾಶವಾಗಿ ಮೊಣಕಾಲೂರಿದರು. ಉಳಿದ ಇಬ್ಬರಲ್ಲಿ ಒಬ್ಬರಿಗೆ ವಾತದಿಂದ ಮೊಣಕಾಲೇ ಬಗ್ಗುತ್ತಿರಲಿಲ್ಲ. ಇನ್ನೊಬ್ಬರಿಗೆ ಬಾಯಾರಿಕೆಯೇ ಆಗಿರಲಿಲ್ಲ!

"ಗಿದ್ಯೋನನಿಗಾದರೂ ಮುನ್ನೂರು ಜನ ಉಳಿದಿದ್ದರು ಮಾರಾಯ್ರೆ," ಎಂದು ಮನೆಗೆ ಹೊರಟವರಲ್ಲಿ ಒಬ್ಬರು ನಕ್ಕರಂತೆ.

"ಲೆಕ್ಕ ಮುಖ್ಯ ಅಲ್ಲ," ಎಂದರು ದೊಡ್ಡಪ್ಪ.

ಲೆಕ್ಕವೇ ಮುಖ್ಯವಾಗಿತ್ತು. ಮಳೆ ಹಿಡಿಯುವ ಹೊತ್ತಿಗೆ ಅರ್ಧ ಮಾಡಿಗೆ ಮಾತ್ರ ಹಂಚು ಬಿದ್ದಿತ್ತು. ಆ ಜೂನ್ ಇಡೀ ಸಭೆಯವರು ಕೊಡೆ ಬಿಡಿಸಿಕೊಂಡು ಕೀರ್ತನೆ ಹಾಡಿದರು. ಒದ್ದೆ ನೆಲದಲ್ಲಿ ಕುಳಿತು ಇಬ್ಬರು ಮುದುಕಿಯರಿಗೆ ಕೆಮ್ಮು ಹತ್ತಿತು. ಒಬ್ಬಾಕೆಗೆ ಅದು ವಾಸಿಯಾಗಲೇ ಇಲ್ಲ.

ಕೋಳಿಯ ಕತೆಯನ್ನೂ ಹೇಳಿಬಿಡುತ್ತೇನೆ. ನೆರೆಕರೆಯ ಇಬ್ಬರು ಹೆಂಗಸರು ಒಂದು ಕಪ್ಪು ಹೇಂಟೆಯನ್ನು ಹಿಡಿದುಕೊಂಡು ಬಂದು, ನನ್ನದು ತನ್ನದು ಎಂದು ಜಗಲಿಯಲ್ಲಿ ರಂಪ ಎಬ್ಬಿಸಿದರು. ದೊಡ್ಡಪ್ಪನ ಮುಖ ಅರಳಿತು. ಸೊಲೊಮೋನನ ಮುಂದೆ ಇಬ್ಬರು ಹೆಂಗಸರು ಒಂದು ಮಗುವಿಗಾಗಿ ಬಂದಿರಲಿಲ್ಲವೇ, ಮಗುವನ್ನು ಸೀಳಿ ಹಂಚಿ ಎಂದಾಗ ನಿಜವಾದ ತಾಯಿ ಅತ್ತಿರಲಿಲ್ಲವೇ? "ಕೋಳಿಯನ್ನು ಎರಡು ತುಂಡು ಮಾಡಿ ಅರ್ಧರ್ಧ ಕೊಡುದು," ಎಂದು ಗಂಭೀರವಾಗಿ ಹೇಳಿ, ನಿಜವಾದ ಒಡತಿ ಅಳುವುದನ್ನೇ ಕಾಯುತ್ತ ಕುಳಿತರು.

"ಆಗಬಹುದು," ಎಂದಳು ಒಬ್ಬಳು. "ನನಗೆ ಕಾಲಿನ ಕಡೆಯದ್ದು ಇರಲಿ," ಎಂದಳು ಇನ್ನೊಬ್ಬಳು.

ಅಳು ಬಾರದಿದ್ದರೆ ಸೊಲೊಮೋನನ ಕತೆ ಮುಂದೆ ಹೋಗುವುದಿಲ್ಲ. ಕತೆ ಮುಂದೆ ಹೋಗದಿದ್ದರೆ ದೊಡ್ಡಪ್ಪನೂ ಹೋಗುವುದಿಲ್ಲ! ತೀರ್ಪು ಆಗುವ ತನಕ ಕೋಳಿ ನಮ್ಮಲ್ಲೇ ಇರಲಿ ಎಂದರು. ಎರಡು ತಿಂಗಳು ದೊಡ್ಡಮ್ಮ ಅದನ್ನು ಸಾಕಿ, ಒಂದು ದಿನದ ಮೊಟ್ಟೆ ಆ ಮನೆಗೆ, ಮರುದಿನದ್ದು ಈ ಮನೆಗೆ ಎಂದು ಹಂಚಿದರು. ಕೊನೆಗೆ ಒಂದು ಮಧ್ಯಾಹ್ನ ಕೀರಿ ಬಂದು ತೀರ್ಪು ಕೊಟ್ಟುಹೋಯಿತು.

"ಇವರಿಗೆ ಭಕ್ತಿಗಿಂತ ಹೆದರಿಕೆ ಜಾಸ್ತಿ," ಎನ್ನುತ್ತಿದ್ದರು ದೊಡ್ಡಮ್ಮ. "ತಪ್ಪಿದರೆ ಸೊಲೊಮೋನನ ಮೇಲೆ ಹಾಕಬಹುದಲ್ಲ!"

ಇಷ್ಟರವರೆಗಿನದ್ದಕ್ಕೆ ನೀವು ನಗಬಹುದು. ನಾವೂ ನಗುತ್ತಿದ್ದೆವು. ಮುಂದಿನದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗುತ್ತ ಹೇಳಿದ್ದಿಲ್ಲ.

ನನ್ನ ಅಪ್ಪ ದೊಡ್ಡಪ್ಪನ ಒಬ್ಬನೇ ತಮ್ಮ. ಗುತ್ತಿಗಾರಿನಲ್ಲಿ ಕಾಡಿನ ಅಂಚಿಗೆ ಸಭೆಯವರದ್ದೇ ಒಂದು ಮುಳಿಹುಲ್ಲು ಹೊದಿಸಿದ ಶಾಲೆ ಇತ್ತು. ಅಪ್ಪ ಅಲ್ಲಿ ಏಳು ವರ್ಷದಿಂದ ಏಕೋಪಾಧ್ಯಾಯರು. ಅಮ್ಮನಿಗೆ ಪ್ರತಿ ಮಳೆಗಾಲವೂ ಚಳಿಜ್ವರ. ಕಂಬಳಿಯ ಮೇಲೆ ಕಂಬಳಿ ಹೊದಿಸಿ ಅದರ ಮೇಲೆ ನನ್ನನ್ನೂ ಮಲಗಿಸಿದರೂ ಅವಳ ನಡುಕ ನಿಲ್ಲುತ್ತಿರಲಿಲ್ಲ. ಸುಳ್ಯಕ್ಕೆ ಹೋಗದೆ ಡಾಕ್ಟರು ಸಿಗುತ್ತಿರಲಿಲ್ಲ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಪುತ್ತೂರಿನ ಶಾಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ಅಪ್ಪ ಅರ್ಜಿ ಹಾಕಿದರು. ಸವಣೂರಿನ ಒಬ್ಬ ಮಾಸ್ತರೂ ಹಾಕಿದರು. ಸೇವೆಯಲ್ಲಿ ಅಪ್ಪನೇ ಹಿರಿಯರು, ಹೆಂಡತಿಯ ಕಾಯಿಲೆಯೂ ಎಲ್ಲರಿಗೆ ಗೊತ್ತಿತ್ತು. ಸಭೆಯ ಹಿರಿಯರು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆ ಒಂದು ಮಾತು ದೊಡ್ಡಪ್ಪನ ಬಾಯಿಂದ ಹೊರಡಲಿಲ್ಲ. ತಮ್ಮನಿಗೆ ಕೊಟ್ಟರೆ ಜನ ಏನೆಂದಾರು? ಕೊಡದಿದ್ದರೆ ತಮ್ಮ ಏನೆಂದಾನು? ಮೂರು ದಿನ ಸತ್ಯವೇದ ಮಗುಚಿದರು. ಗುರುವಿಗೇ ದ್ರೋಹ ಬಗೆದ ಯೂದನಿಂದ ಖಾಲಿಯಾದ ಶಿಷ್ಯನ ಜಾಗಕ್ಕೆ ಉಳಿದ ಅಪೊಸ್ತಲರು ಚೀಟಿ ಹಾಕಿ ಮತ್ತೀಯನನ್ನು ಆರಿಸಿದ್ದು ಕಣ್ಣಿಗೆ ಬಿತ್ತು. ಅಬ್ಬ, ದಾರಿ ಸಿಕ್ಕಿತಲ್ಲ! ಕಾಣಿಕೆ ಎತ್ತುವ ಕೆಂಪು ಮಕಮಲ್ಲಿನ ಚೀಲಕ್ಕೆ ಎರಡು ಚೀಟಿ ಹಾಕಿದರು. ಪ್ರಾರ್ಥನೆಯಾಯಿತು. ಅಯ್ಯನವರು ಕೈ ಹಾಕಿ ಒಂದನ್ನು ತೆಗೆದರು. ಅದರಲ್ಲಿ ಸವಣೂರಿನ ಮಾಸ್ತರ ಹೆಸರಿತ್ತು.

ಅಪ್ಪ ಊಟಕ್ಕೂ ನಿಲ್ಲದೆ ಸಿಕ್ಕಿದ ಬಸ್ಸಿಗೆ ಗುತ್ತಿಗಾರಿಗೆ ಮರಳಿದರು.

ಮುಂದಿನ ಮಳೆಗಾಲದಲ್ಲಿ ಜ್ವರ ಅಮ್ಮನ ತಲೆಗೇರಿತು. ಹೊಳೆ ತುಂಬಿ ಮೂರು ದಿನದಿಂದ ಬಸ್ಸಿರಲಿಲ್ಲ. ನೆರೆಯ ಗೌಡರ ಮನೆಯ ನಾಲ್ವರು ಕುರ್ಚಿಗೆ ಬಿದಿರು ಕಟ್ಟಿ, ಅವಳನ್ನು ಕೂರಿಸಿ, ಮಳೆಯಲ್ಲೇ ಹೊತ್ತು ನಡೆದರು. ನಾನು ಹಿಂದಿನಿಂದ ಕೊಡೆ ಹಿಡಿದುಕೊಂಡು ಓಡಿದೆ. ಸುಳ್ಯದ ಡಾಕ್ಟರರು ಕೈ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟರು. ಅಮ್ಮನಿಗೆ ಆಗ ಮೂವತ್ತೆರಡು, ನನಗೆ ಹನ್ನೊಂದು.

ಪುತ್ತೂರಿನ ನಮ್ಮವರ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಗುಂಡಿಯ ಪಕ್ಕದಲ್ಲಿ ನಿಂತ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಎಲ್ಲವನ್ನೂ ಕಳಕೊಂಡ ಯೋಬನ ಕತೆ ಶುರು ಮಾಡಿದರು. ಅಪ್ಪ ಕೈಯಲ್ಲಿದ್ದ ಮಣ್ಣನ್ನು ಹಾಗೆಯೇ ಹಿಡಿದುಕೊಂಡು ಅವರ ಕಡೆ ತಿರುಗಿದರು.

"ನಿನಗೆ ಬಾಯಿ ಇತ್ತು ಅಣ್ಣ," ಎಂದರು. "ಚೀಟಿಯಿಂದ ಯಾಕೆ ಮಾತಾಡಿಸಿದ್ದು?"

ಆಮೇಲೆ ಒಂಬತ್ತು ವರ್ಷ ಅಪ್ಪ ಅಣ್ಣನ ಹತ್ತಿರ ಮಾತಾಡಲಿಲ್ಲ.

ಮಾತಿರಲಿಲ್ಲ, ಆದರೆ ನಾನಿದ್ದೆನಲ್ಲ! ದೊಡ್ಡಮ್ಮ ಸ್ಮಶಾನದಿಂದಲೇ ನನ್ನ ಕೈ ಹಿಡಿದು ಮನೆಗೆ ಕರೆದೊಯ್ದರು. ಹೆಣ್ಣು ಮಗು ಕಾಡಿನ ಅಂಚಿನಲ್ಲಿ ಒಂದೇ ಬೆಳೆಯುವುದು ಹೇಗೆ ಎಂದು ಅಪ್ಪನೂ ಬೇಡವೆನ್ನಲಿಲ್ಲ. ತಿಂಗಳ ಮೊದಲ ಶನಿವಾರ ಪುತ್ತೂರಿಗೆ ಬಂದು ಬಸ್ಸು ನಿಲ್ಲುವಲ್ಲೇ ನನ್ನನ್ನು ನೋಡಿ ಹೋಗುತ್ತಿದ್ದರು. ಮನೆಯ ಕಡೆ ಕಾಲು ಹಾಕುತ್ತಿರಲಿಲ್ಲ. ನಾನು ಹೊರಡುವಾಗ ದೊಡ್ಡಪ್ಪ, "ಅವನ ಕೆಮ್ಮು ಹೇಗುಂಟು ಕೇಳು," ಎನ್ನುವರು. ಕೇಳಿದರೆ ಅಪ್ಪ, "ಇನ್ನೂ ಸಾಯಲಿಲ್ಲ ಅಂತ ಹೇಳು," ಎನ್ನುವರು. ನಾನು ಬಂದು, "ಕಡಿಮೆ ಉಂಟಂತೆ," ಎಂದು ಹೇಳುವೆ. ಒಂಬತ್ತು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಬರೆದರೆ ದಪ್ಪದೊಂದು ಪುಸ್ತಕವಾದೀತು.

ಅಮ್ಮ ಹೋದ ಮೇಲೆ ದೊಡ್ಡಪ್ಪ ಚೀಟಿ ಮುಟ್ಟಲಿಲ್ಲ. ಕತೆ ಬಿಡಲಿಲ್ಲ. ಅವರ ಎಲ್ಲ ಕತೆಗಳೂ ಒಟ್ಟಿಗೆ ಹೊರಬರುತ್ತಿದ್ದದ್ದು ಪವಿತ್ರ ಭೋಜನದ ಹಿಂದಿನ ವಾರ. ರೊಟ್ಟಿ ಮತ್ತು ದ್ರಾಕ್ಷಾರಸದ ಈ ಸಂಸ್ಕಾರ ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಲ. ಅದಕ್ಕೆ ಬರುವವರ ಹೆಸರನ್ನು ಹಿರಿಯರು ಮೊದಲೇ ಮನೆಮನೆಗೆ ಹೋಗಿ ಒಂದು ಪುಸ್ತಕದಲ್ಲಿ ಪಟ್ಟಿ ಮಾಡಬೇಕು. ಯಾರೊಂದಿಗಾದರೂ ಜಗಳವಿದ್ದರೆ ಹೆಸರು ಬರೆಯುವಂತಿಲ್ಲ. ಮೊದಲು ರಾಜಿಯಾಗಬೇಕು, ಇಬ್ಬರೂ ಒಬ್ಬರ ಮನೆಯಲ್ಲಿ ಒಬ್ಬರು ಬೆಲ್ಲ ನೀರು ಕುಡಿಯಬೇಕು, ಆಮೇಲೆ ಹೆಸರು. "ನಿಮ್ಮ ಹಿರಿಯರು ಪುಸ್ತಕ ಹಿಡಿದು ಹೊರಟರೆ ನನ್ನಲ್ಲಿ ಬೆಲ್ಲ ಉಳಿಯುದಿಲ್ಲ," ಎಂದು ದರ್ಬೆಯ ಅಂಗಡಿಯ ಬ್ಯಾರಿಗಳು ನನ್ನನ್ನು ನೋಡಿದಾಗಲೆಲ್ಲ ಹೇಳುತ್ತಿದ್ದರು.

ಒಮ್ಮೆ ರುಬ್ಬುವ ಕಲ್ಲಿನ ವಿಷಯಕ್ಕೆ ಮಾತು ಬಿಟ್ಟ ಇಬ್ಬರು ಭಾವಂದಿರ ಮನೆಗೆ ದೊಡ್ಡಪ್ಪ ಹೋದರು. ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರನ್ನು ಅಪ್ಪಿಕೊಂಡ ಕತೆಯನ್ನು ಒಂದು ಗಂಟೆ ಹೇಳಿದರು. ಮರುದಿನ ಒಬ್ಬರ ಮನೆಗೆ ಮತ್ತೆ ಹೋದರು.

"ಮಾತಾಡಿದಿರಾ?"

"ಮಾತಾಡಿದೆ."

"ಎಂತ ಹೇಳಿದಿರಿ?"

"ಕಳ್ಳ ಅಂತ ಹೇಳಿದೆ."

"ಅವರೆಂತ ಹೇಳಿದರು?"

"ಅದನ್ನು ನಿಮ್ಮೆದುರು ಹೇಳಲಿಕ್ಕೆ ಆಗುದಿಲ್ಲ."

ದೊಡ್ಡಪ್ಪ ಬಿಡಲಿಲ್ಲ. ಐದು ಸಲ ನಡೆದು ಇಬ್ಬರಿಗೂ ಬೆಲ್ಲ ನೀರು ಕುಡಿಸಿಯೇ ಹೆಸರು ಬರೆದರು. ಹೀಗೆ ಆ ವರ್ಷಗಳಲ್ಲಿ ಅವರು ಎಷ್ಟು ಮನೆಗಳ ಜಗಳ ಬಿಡಿಸಿದರೋ! ಬಿಸಿಲಲ್ಲಿ ತಿರುಗಿ ಮನೆಗೆ ಬಂದು, ಕಾಲು ತೊಳೆದು, ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದರು. ಆಗ ಮಾತ್ರ ಅವರಲ್ಲಿ ಯಾವ ಕತೆಯೂ ಇರುತ್ತಿರಲಿಲ್ಲ.

ನನಗೆ ಇಪ್ಪತ್ತಾಗುವಾಗ, ತರಬೇತಿ ಮುಗಿಸಿ ನಾನೂ ಟೀಚರಾಗಿದ್ದೆ. ದೊಡ್ಡಪ್ಪನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಶುಭ ಶುಕ್ರವಾರದ ಭೋಜನಕ್ಕೆ ಹತ್ತು ದಿನವಿರುವಾಗ, "ಈ ಸಲ ನೀನೇ ಬರೆ ಮಗಾ," ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಮ್ಮ ಮನೆಯಿಂದಲೇ ಶುರು ಮಾಡಿದೆ. ದೊಡ್ಡಪ್ಪನ ಹೆಸರು, ದೊಡ್ಡಮ್ಮನ ಹೆಸರು, ನನ್ನ ಹೆಸರು.

"ಎಷ್ಟು ಬರೆದೆ?"

"ಮೂರು."

"ನಮ್ಮ ಮನೆಯಿಂದ ಎರಡೇ. ಮೊದಲಿನದ್ದು ಹೊಡೆದುಹಾಕು."

ನಾನು ಹಿಂದಿನ ಪುಟ ತಿರುಗಿಸಿದೆ. ಅದರ ಹಿಂದಿನದ್ದು, ಅದರ ಹಿಂದಿನದ್ದು. ಒಂಬತ್ತು ವರ್ಷ, ಮೂವತ್ತೈದು ಪಟ್ಟಿ. ಒಂದರಲ್ಲೂ ದೊಡ್ಡಪ್ಪನ ಹೆಸರಿರಲಿಲ್ಲ! ಭೋಜನದ ದಿನ ರೊಟ್ಟಿಯ ತಟ್ಟೆಯನ್ನು ಅಯ್ಯನವರ ಕೈಗೆ ಕೊಡುತ್ತ ಪಕ್ಕದಲ್ಲೇ ನಿಂತಿರುತ್ತಿದ್ದ ಹಿರಿಯರು ತಾವು ತೆಗೆದುಕೊಂಡರೋ ಇಲ್ಲವೋ ಎಂದು ಯಾರು ನೋಡುತ್ತಾರೆ? ಮೊದಲೋ ಕೊನೆಗೋ ತೆಗೆದುಕೊಂಡಿರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಊರಿನವರಿಗೆಲ್ಲ ಬೆಲ್ಲ ನೀರು ಕುಡಿಸಿದ ಮನುಷ್ಯ ತನ್ನ ನಿಯಮಕ್ಕೆ ತಾನೇ ಸಿಕ್ಕಿಬಿದ್ದು ಹೊರಗೆ ಉಳಿದಿದ್ದರು.

ಅಡುಗೆಮನೆಗೆ ಓಡಿ ದೊಡ್ಡಮ್ಮನನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಗೊತ್ತುಂಟು. ಮೊದಲ ಸಲದಿಂದಲೇ ಗೊತ್ತುಂಟು," ಎಂದರು. "ಕೇಳಿದರೆ ಒಂದು ಕತೆ ಹೇಳಿಯಾರು ಅಂತ ಹೆದರಿ ಕೇಳಲಿಲ್ಲ."

ಆ ಶನಿವಾರ ನಾನೇ ಗುತ್ತಿಗಾರಿಗೆ ಹೋದೆ. ಶಾಲೆ ಬಿಟ್ಟಿತ್ತು. ಅಪ್ಪ ಬೋರ್ಡು ಒರೆಸುತ್ತಿದ್ದರು. ಪಟ್ಟಿಯ ವಿಷಯವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಒರೆಸಿದ ಬೋರ್ಡನ್ನೇ ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಒರೆಸಿದರು. "ಹಾಗಾ?" ಎಂದರು. ನನಗೆ ಸಿಟ್ಟು ಬಂದು, ಊಟ ಮಾಡದೆ ಹೊರಟು ಬಂದೆ. ನಮ್ಮ ವಂಶದಲ್ಲಿ ಊಟ ಬಿಟ್ಟು ಹೊರಡುವುದು ಎಲ್ಲರಿಗೂ ಬರುತ್ತದೆ!

ಗುರುವಾರ ಮಧ್ಯಾಹ್ನ ಪಟ್ಟಿಯ ಕೊನೆಯ ಹೆಸರುಗಳನ್ನು ದೊಡ್ಡಪ್ಪನಿಗೆ ಓದಿ ಹೇಳುತ್ತಿದ್ದೆ. ಜಗಲಿಯ ಮೆಟ್ಟಲಿನ ಹತ್ತಿರ ಯಾರೋ ಕೆಮ್ಮಿದರು. ದೊಡ್ಡಪ್ಪನಿಗೆ ಕಣ್ಣು ಕಾಣದಿದ್ದರೂ ಆ ಕೆಮ್ಮಿನ ಗುರುತು ಸಿಕ್ಕಿತು. ಬೆನ್ನು ನೆಟ್ಟಗೆ ಮಾಡಿ ಕುಳಿತರು. ಅಪ್ಪ ಚಪ್ಪಲಿ ಬಿಟ್ಟು ಮೇಲೆ ಬಂದು ನನ್ನನ್ನೇ ನೋಡುತ್ತ ಹೇಳಿದರು.

"ನನ್ನ ಹೆಸರು ಬರೆ ಮಗಾ."

"ಮನಸ್ಸಲ್ಲಿ ಜಗಳ ಇಟ್ಟುಕೊಂಡವರ ಹೆಸರು ಬರೆಯಲಿಕ್ಕಿಲ್ಲ ಅಂತ ಹೇಳು," ದೊಡ್ಡಪ್ಪ ಕೂಡ ನನಗೇ ಹೇಳಿದರು.

"ಜಗಳ ಉಂಟು. ಎಲ್ಲಿಗೂ ಹೋಗಲಿಲ್ಲ ಅಂತ ಹೇಳು."

"ಮತ್ತೆ ಎಂತಕ್ಕೆ ಬಂದದ್ದು ಅಂತ ಕೇಳು."

"ಒಂಬತ್ತು ವರ್ಷ ಭೋಜನ ಬಿಟ್ಟು ಕೂತದ್ದು ಯಾರನ್ನು ಕೇಳಿ ಅಂತ ಕೇಳು! ಅದಕ್ಕೂ ಸತ್ಯವೇದದಲ್ಲಿ ಯಾರದ್ದಾದರೂ ಕತೆ ಉಂಟಾ ಅಂತ ಕೇಳು!"

"ನಿಯಮ ನಿಯಮವೇ!" ದೊಡ್ಡಪ್ಪ ಜಗಲಿಗೆ ಕೈಯಿಂದ ಹೊಡೆದರು. "ಹಿರಿಯನಿಗೆ ಒಂದು, ಊರಿಗೆ ಒಂದು ಅಂತ ಇಲ್ಲ!"

"ಅಣ್ಣ!" ಎಂದರು ಅಪ್ಪ.

ಒಂಬತ್ತು ವರ್ಷದ ಮೇಲೆ ಅಪ್ಪ ಅವರನ್ನೇ ಕರೆದಿದ್ದರು. ದೊಡ್ಡಮ್ಮ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು.

"ನೀನು ಗುತ್ತಿಗಾರಿಗೆ ಬಂದಾಗಲೆಲ್ಲ ಅವಳು ನಿನಗೆ ಬಡಿಸದೆ ತಾನು ಉಣ್ಣಲಿಲ್ಲ ಅಣ್ಣ," ಅಪ್ಪನ ದನಿ ಇಳಿದಿತ್ತು. "ಜ್ವರದಲ್ಲಿ ಎದ್ದು ಬಂದು ಬಡಿಸುತ್ತಿದ್ದಳು. ನೆನಪುಂಟಾ? ಅವಳ ಹೆಸರಲ್ಲಿ ನೀನು ಹಸಿದು ಕೂರುದು ಬೇಡ. ಅವಳಿಗೆ ಅದು ಆಗಲಿಕ್ಕಿಲ್ಲ."

ದೊಡ್ಡಪ್ಪ ಬಾಯಿ ತೆರೆದರು. ಈಗ ದಾವೀದನೋ ಪೇತ್ರನೋ ಬರುತ್ತಾನೆಂದು ನಾನು ಕಾದೆ. ಯಾರೂ ಬರಲಿಲ್ಲ.

"ಚೀಟಿ ಹಾಕಬಾರದಿತ್ತು," ಎಂದರು. "ಜಾಗ ನಿನಗೇ ಅಂತ ನಾನು ಬಾಯಿಬಿಟ್ಟು ಹೇಳಬೇಕಿತ್ತು. ನನಗೆ ಗೊತ್ತಿತ್ತು. ಜನಕ್ಕೆ ಹೆದರಿದೆ. ತಪ್ಪು ನನ್ನದು."

ಅಪ್ಪ ಕಂಬಕ್ಕೆ ಒರಗಿ ಕುಳಿತರು. "ಇಷ್ಟು ಹೇಳಲಿಕ್ಕೆ ಒಂಬತ್ತು ವರ್ಷ ಬೇಕಾಯಿತಾ ನಿನಗೆ?" ಎಂದರು. ಅವರ ಗಲ್ಲ ಒದ್ದೆಯಾಗಿತ್ತು. ನನಗೂ ದೊಡ್ಡಮ್ಮನಿಗೂ ಅಳು ತಡೆಯಲಿಲ್ಲ. ಅಮ್ಮ ಸತ್ತ ದಿನ ನಾವು ನಾಲ್ವರೂ ಬೇರೆ ಬೇರೆಯಾಗಿ ಅತ್ತಿದ್ದೆವು. ಒಟ್ಟಿಗೆ ಅತ್ತದ್ದು ಅದೇ ಮೊದಲು.

ದೊಡ್ಡಪ್ಪ ನನ್ನ ಕಡೆ ಕೈ ಚಾಚಿ ಪುಸ್ತಕ ಕೇಳಿದರು, ಪೆನ್ನನ್ನೂ ಕೇಳಿದರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಪಟ್ಟಿಯ ಕೆಳಗೆ ಓರೆಕೋರೆಯಾಗಿ ತಮ್ಮನ ಹೆಸರು ಬರೆದರು. ಅದರ ಕೆಳಗೆ ತಮ್ಮ ಹೆಸರು ಬರೆದರು. ಮುಗಿಯಿತೆಂದು ನಾನು ಕೈ ನೀಡಿದೆ. ಅವರು ಕೊಡಲಿಲ್ಲ. ಎರಡು ಹೆಸರುಗಳ ನಡುವಿನ ಇಕ್ಕಟ್ಟಿನಲ್ಲಿ, ಒಂದೊಂದೇ ಅಕ್ಷರವನ್ನು ತಡವರಿಸುತ್ತ, ಇನ್ನೊಂದು ಹೆಸರನ್ನು ಸೇರಿಸಿದರು. ಸುಗುಣಾ. ಅದು ನನ್ನ ಅಮ್ಮನ ಹೆಸರು.

"ತೀರಿಹೋದವರ ಹೆಸರು ಬರೆಯುವ ಕ್ರಮ ಉಂಟಾ ದೊಡ್ಡಪ್ಪ?" ಎಂದು ಕೇಳಿದೆ. "ಹಾಗೆ ಯಾರು ಬರೆದಿದ್ದಾರೆ?"

"ಯಾರೂ ಬರೆಯಲಿಲ್ಲ," ಎಂದರು ದೊಡ್ಡಪ್ಪ. "ನಾನು ಬರೆದದ್ದು."